ಶೈಯೆನ್ ಎಂದು ಕರೆದವರು ಯಾರು?

ಅಧ್ಯಕ್ಷರೇ, ಗೆಳೆಯರೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಶೈಯೆನ್ ಜನ ಮತ್ತು ಅವರ ಭಾಷೆ’ ಎಂದಿದೆ. ಶೈಯೆನ್ನರು ಉತ್ತರ ಅಮೆರಿಕದ ಒಂದು ಮೂಲನಿವಾಸಿ ಜನ. ಹೆಸರಿನಿಂದಲೇ ಶುರುಮಾಡೋಣ. ಅದು ಅವರು ಇಟ್ಟುಕೊಂಡ ಹೆಸರಲ್ಲ, ಕರೆದವರ ಹೆಸರು. ಅವರು ತಮ್ಮನ್ನು ತ್ಸಿತ್ಸಿಸ್ತಾಸ್ ಎನ್ನುತ್ತಾರೆ. ‘ಹೀಗಿರುವವರು’ ಎಂಬಂಥ ಅರ್ಥ. ಬಹಳ ಹಿಂದೆ ಅವರೊಂದಿಗೆ ಬೆರೆತ ಸೋತಾಯೊ ಎಂಬ ಇನ್ನೊಂದು ಗುಂಪೂ ಇದೆ.

‘ಶೈಯೆನ್’ ಬಂದದ್ದು ನೆರೆಯ ಡಕೋಟರ ಬಾಯಿಂದ: ಶಹಿಯೇನ. ಡಕೋಟದಲ್ಲಿ ‘ಕೆಂಪಾಗಿ ಮಾತಾಡುವುದು’ ಎಂದರೆ ತಿಳಿಯದ ಮಾತಾಡುವುದು; ಹೆಸರು ಅದರಿಂದ ಬಂತು ಎನ್ನುವವರು ಬಹಳ. ಶಹಿಯ ಎಂಬುದು ಕ್ರೀಗಳಂಥ ಬೇರೊಂದು ಜನದ ಹೆಸರು, ‘ನ’ ಸೇರಿ ‘ಚಿಕ್ಕ ಶಹಿಯ’ ಆಯಿತು ಎನ್ನುವವರೂ ಇದ್ದಾರೆ. ನನಗೆ ಎರಡನೆಯದು ಹೆಚ್ಚು ಒಪ್ಪಿಗೆ. ಕ್ರೀ, ಶೈಯೆನ್ ಎರಡೂ ಅಲ್ಗೊಂಕಿಯನ್ ಕುಟುಂಬದವು; ಡಕೋಟ ಬೇರೆಯೇ ಕುಟುಂಬದ್ದು. ಡಕೋಟರ ಕಿವಿಗೆ ಅವೆರಡೂ ಒಂದೇ ಥರ ಕೇಳಿಸಿದ್ದರೆ ಆಶ್ಚರ್ಯವೇನು? ಫ್ರೆಂಚಿನಲ್ಲಿ ನಾಯಿಗೆ ‘ಶಿಯೆನ್’ ಅನ್ನುತ್ತಾರಲ್ಲ, ಅದರಿಂದ ಬಂತು ಎಂಬ ಕಥೆಯನ್ನು ದಯವಿಟ್ಟು ಇಲ್ಲೇ ಬಿಟ್ಟು ಹೋಗಿ.

ಈಗ ನನಗೆ ಅತ್ಯಂತ ಪ್ರಿಯವಾದ ಪ್ರಸಂಗ. ಲಿಟಲ್ ಬಿಗ್‌ಹಾರ್ನ್ ಕದನ ನಿಮಗೆ ಗೊತ್ತು, 1876: ಶೈಯೆನ್ನರೂ ಡಕೋಟರ ಬಳಗದ ಲಕೋಟರೂ ಸೇರಿ ಅಮೆರಿಕದ ಸೇನೆಯನ್ನು ಸೋಲಿಸಿದ್ದು. ಮರುವರ್ಷ ಉತ್ತರದ ಶೈಯೆನ್ನರಲ್ಲಿ ಸುಮಾರು ಸಾವಿರ ಜನರನ್ನು ಸೇನೆ ದಕ್ಷಿಣಕ್ಕೆ, ಇಂದಿನ ಓಕ್ಲಹೋಮಾಕ್ಕೆ ಸಾಗಿಸಿತು. ಅಲ್ಲಿ ಮಲೇರಿಯಾ, ಹಸಿವು. 1878ರ ಸೆಪ್ಟೆಂಬರ್ 9ರ ರಾತ್ರಿ ಸುಮಾರು 350 ಜನ ಎದ್ದು ಊರ ಕಡೆ ಹೊರಟೇಬಿಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಮುಂದಾಳುಗಳು ಲಿಟಲ್ ವುಲ್ಫ್ ಮತ್ತು ಡಲ್ ನೈಫ್. ಸೇನೆ ಬೆನ್ನಟ್ಟಿತು, ಕಾನ್ಸಾಸ್ ದಾಟಿದರು, ನೆಬ್ರಾಸ್ಕಾದಲ್ಲಿ ಎರಡಾದರು. ಲಿಟಲ್ ವುಲ್ಫ್ ಉತ್ತರಕ್ಕೆ ನಡೆದ. ಡಲ್ ನೈಫ್‌ನ ಗುಂಪು ಸಿಕ್ಕಿಬಿದ್ದು ಸೇನೆಯ ಠಾಣೆಯಾದ ಫೋರ್ಟ್ ರಾಬಿನ್ಸನ್ ಸೇರಿತು. ‘ದಕ್ಷಿಣಕ್ಕೆ ಮರಳಿ’ ಎಂದು ಆಜ್ಞೆ, ಇವರು ಒಪ್ಪಲಿಲ್ಲ. ಜನವರಿಯ ಕೊರೆಯುವ ಚಳಿಯಲ್ಲಿ ಅನ್ನ, ನೀರು, ಸೌದೆ ಎಲ್ಲವನ್ನೂ ನಿಲ್ಲಿಸಿದರು. ಇವರ ಬಳಿ ಬಂದೂಕುಗಳಿದ್ದವು, ಬಿಡಿಬಿಡಿಯಾಗಿ! ಸಣ್ಣ ಭಾಗಗಳನ್ನು ಒಡವೆಗಳ ಹಾಗೆ ಮಕ್ಕಳು ತೊಟ್ಟಿದ್ದರು, ಕೆಲವನ್ನು ಹೆಂಗಸರು ಬಟ್ಟೆಯೊಳಗೆ ಅಡಗಿಸಿದ್ದರು. 1879ರ ಜನವರಿ 9ರ ರಾತ್ರಿ ಅವನ್ನು ಜೋಡಿಸಿಕೊಂಡು ಕಿಟಕಿಗಳಿಂದ ಹೊರಕ್ಕೆ ಹಾರಿದರು. ಅರವತ್ತಕ್ಕೂ ಹೆಚ್ಚು ಜನ ಸತ್ತರು. ಡಲ್ ನೈಫ್ ಪಾರಾಗಿ ಲಕೋಟರ ನೆಲೆಯಾದ ಪೈನ್ ರಿಡ್ಜ್ ಮುಟ್ಟಿದ. 1884ರಲ್ಲಿ ಮೊಂಟಾನಾದಲ್ಲಿ ಅವರಿಗೆ ನೆಲ ಸಿಕ್ಕಿತು. ಅದು ಅವರು ನಡೆದು ಪಡೆದ ನೆಲ.

‘ಡಲ್ ನೈಫ್’, ಮೊಂಡು ಚೂರಿ, ಲಕೋಟರು ಇಟ್ಟ ಹೆಸರು. ಅವನ ಜನಕ್ಕೆ ಅವನು ವೋಹೇಹೇವ, ಬೆಳ್ಳಿಚುಕ್ಕಿ. ನೋಡಿ, ಇಲ್ಲೂ ಚರಿತ್ರೆಯಲ್ಲಿ ಉಳಿದದ್ದು ಕರೆದವರ ಹೆಸರೇ! ನಾವೂ ಕನ್ನಡದಲ್ಲಿ ಇನ್ನೂ ‘ರೆಡ್ ಇಂಡಿಯನ್ನರು’ ಎಂದು ಬರೆಯುತ್ತೇವೆ. ಅನುವಾದಕರು ಇಲ್ಲಿ ಬಹಳ ಮಂದಿ ಕೂತಿದ್ದೀರಿ; ಆ ಪದವನ್ನು ಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಭಾಷೆಯ ಬಗ್ಗೆ ಬರೆದು ತಂದದ್ದರಲ್ಲಿ ಅರ್ಧ ಬಿಡುತ್ತೇನೆ. ಬರೆಯಲು ಹದಿನಾಲ್ಕೇ ಅಕ್ಷರ, ಅದರಲ್ಲಿ ಸ್ವರ ಮೂರು. ಕೆಲವು ಸ್ವರಗಳನ್ನು ಪಿಸುಗುಟ್ಟಿ ಉಚ್ಚರಿಸಬೇಕು. ಕಿವಿ ಪಳಗದವರಿಗೆ ಅವು ಕೇಳಿಸುವುದೇ ಇಲ್ಲ. ‘ನಾನು ಶೈಯೆನ್ ಚೆನ್ನಾಗಿ ಉಚ್ಚರಿಸುವುದಿಲ್ಲ’ ಎಂಬ ಇಡೀ ವಾಕ್ಯವನ್ನು ಒಂದೇ ಪದದಲ್ಲಿ ಹೇಳಬಹುದು. ಅಷ್ಟುದ್ದದ ಪದವನ್ನು ಸಲೀಸಾಗಿ ಆಡಿದವರ ಉಚ್ಚಾರದಲ್ಲಿ ಇನ್ನೇನು ಕೊರತೆ ಉಳಿದೀತು?

ಸ್ವಿಸ್ ಮಿಷನರಿ ರೊಡಾಲ್ಫ್ ಪೆಟ್ಟರ್ 1891ರಿಂದ ಅವರ ನಡುವೆ ಇದ್ದು ನಿಘಂಟು ಮಾಡಿದ. ಇತ್ತ ವಸತಿ ಶಾಲೆಗಳು ಮಕ್ಕಳ ಬಾಯಿಂದ ಅದೇ ಭಾಷೆಯನ್ನು ಕಿತ್ತುಕೊಂಡವು. ಇಂದು ಸರಾಗವಾಗಿ ಆಡುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಸ್ವಂತ ಹೆಸರು ಉಳಿಯಬೇಕಾದರೆ ಅದನ್ನು ಉಚ್ಚರಿಸುವ ಬಾಯಿಗಳು ಬೇಕು, ಇದು ನನ್ನ ವಾದ. ಮೊಂಟಾನಾದ ಲೇಮ್ ಡೀರ್‌ನಲ್ಲಿರುವ ಅವರದೇ ಕಾಲೇಜು ಆ ಭಾಷೆಯನ್ನು ಕಲಿಸುತ್ತಿದೆ, ಮಕ್ಕಳಿಗೆ ಬೇಸಿಗೆ ಶಿಬಿರಗಳನ್ನೂ ನಡೆಸಿದೆ. ಕಾಲೇಜಿನ ಹೆಸರು ಚೀಫ್ ಡಲ್ ನೈಫ್ ಕಾಲೇಜು. ಅಲ್ಲೂ ಫಲಕದ ಮೇಲಿರುವುದು ಕರೆದವರ ಹೆಸರೇ, ಆದರೆ ಒಳಗೆ ಕೂತ ಹುಡುಗರು ಕಲಿಯುತ್ತಿರುವುದು ಅವರದೇ ಭಾಷೆ. ಪ್ರಶ್ನೆಗಳಿದ್ದರೆ ಕೇಳಿ.