‘ಮಿ ಪಿಯಾಚೆ’ ಅಂದರೆ ನನಗೆ ಹಿಡಿಸುತ್ತದೆ

ಎಲ್ಲರಿಗೂ ನಮಸ್ಕಾರ. ಓದಲು ಇಟಲಿಗೆ ಹೊರಟವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ನಿಮಗಾಗಿ ಇಟಾಲಿಯನ್ ಭಾಷೆಯ ಒಂದೇ ಒಂದು ಮಾತು ತಂದಿದ್ದೇನೆ: ‘ಮಿ ಪಿಯಾಚೆ’. ಊಟ, ಮನೆ, ಊರು, ಯಾವುದರ ಸುದ್ದಿ ಬಂದರೂ ಇದು ಬೇಕೇ ಬೇಕು.

ನಾನಿದನ್ನು ಇಂಗ್ಲಿಷ್ ಮೂಲಕ ಕಲಿತೆ. ‘ಐ ಲೈಕ್’ ಅಂದರೆ ‘ಮಿ ಪಿಯಾಚೆ’ ಅಂತ ಬರೆದುಕೊಂಡೆ. ತೊಂದರೆ ಅಲ್ಲೇ ಶುರುವಾಯಿತು. ‘ಮಿ’ ಅಂದರೆ ‘ನಾನು’ ಅಲ್ಲ, ‘ನನಗೆ’. ಕರ್ತೃ ನನಗೆ ಹಿಡಿಸುವ ಆ ವಸ್ತು. ಇಂಗ್ಲಿಷಿನವರಿಗೆ ಇದು ತಲೆಕೆಳಗು. ನಮಗಲ್ಲ! ‘ನನಗೆ ಕಾಫಿ ಹಿಡಿಸುತ್ತದೆ’ ಅಂತ ನಾವು ಹೇಳುವುದಿಲ್ವಾ? ‘ಮಿ ಪಿಯಾಚೆ ಇಲ್ ಕಫೆ.’ ಅಷ್ಟೇ.

ಇಟಲಿಯ ಬೊಲೊನ್ಯಾ ಊರಿನಲ್ಲಿ ನಾನಿದ್ದ ಮನೆಯ ಅಜ್ಜಿ ಒಂದು ಭಾನುವಾರ ಊಟಕ್ಕೆ ಕರೆದರು. ಅಲ್ಲಿಯ ತೊರ್ತೆಲ್ಲೀನಿ ಗೊತ್ತಲ್ಲ, ಮಾಂಸದ ಹೂರಣ ತುಂಬಿ ಉಂಗುರದ ಹಾಗೆ ಮಡಚಿದ್ದು, ಬೆರಳ ತುದಿಯಷ್ಟು ಪುಟ್ಟದು. ಬಿಸಿ ಸಾರಿನಲ್ಲಿ ತೇಲುತ್ತಿತ್ತು. ಅಜ್ಜಿ ಕೇಳಿದರು, ‘ತಿ ಪಿಯಾಚ್ಚೊನೊ?’ ನಾನು ಜೋರಾಗಿ ‘ಸೀ, ಮಿ ಪಿಯಾಚೆ’ ಅಂದೆ. ಅವರು ನನ್ನ ಚಮಚ ತೆಗೆದುಕೊಂಡು ಒಂದೇ ಒಂದನ್ನು ಎತ್ತಿ ತೋರಿಸಿದರು: ‘ಪಿಯಾಚೆ.’ ಆಮೇಲೆ ಚಮಚವನ್ನು ಬಟ್ಟಲಿನ ಮೇಲೆಲ್ಲ ಸುತ್ತಾಡಿಸಿದರು: ‘ಪಿಯಾಚ್ಚೊನೊ.’ ಸಾರಿನ ಹನಿ ಮೇಜಿನ ಬಟ್ಟೆಯ ಮೇಲೆ ಬಿತ್ತು. ಅವರು ಅದನ್ನು ನೋಡಲೂ ಇಲ್ಲ.

ನನಗೆ ಥಟ್ಟನೆ ಹೊಳೆಯಿತು. ಒಂದಾದರೆ ಹಿಡಿಸುತ್ತದೆ, ಹಲವಾದರೆ ಹಿಡಿಸುತ್ತವೆ! ವಾರಗಟ್ಟಲೆ ಉರು ಹೊಡೆದ ನಿಯಮ ನಮ್ಮ ಮನೆಮಾತಿನಲ್ಲೇ ಇತ್ತು. ಇಂಗ್ಲಿಷ್ ದಾರಿ ಬಿಡಿ, ಕನ್ನಡದಿಂದ ನೇರ ಹೋಗಿ ಅಂತ ನಾನು ಎಲ್ಲ ಕಡೆ ಹೇಳುವುದು ಇದಕ್ಕೇ. ಉಚ್ಚಾರಣೆಯಲ್ಲೂ ಹಾಗೇ. ‘ಪಾಲ’ ಅಂದರೆ ಸಲಿಕೆ, ‘ಪಲ್ಲ’ ಅಂದರೆ ಚೆಂಡು. ಒತ್ತಕ್ಷರ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಕ್ರಿಯೆಯ ಹೆಸರು ಬಂದರೆ ಯಾವಾಗಲೂ ಏಕವಚನ: ‘ಮಿ ಪಿಯಾಚೆ ಲೆಜ್ಜೆರೆ’, ಓದುವುದು ಹಿಡಿಸುತ್ತದೆ. ಹಿರಿಯರನ್ನು, ಹೊಸಬರನ್ನು ಕೇಳುವಾಗ ‘ತಿ’ ಬೇಡ, ‘ಲೆ ಪಿಯಾಚೆ?’ ಅನ್ನಿ. ನಿನಗೆ, ನಿಮಗೆ ಅನ್ನುವ ಭೇದ ನಮಗೆ ಹೊಸದೇನಲ್ಲ. ‘ಮಿ ಪಿಯಾಚಿ’ ಅಂದರೆ ‘ನೀನು ನನಗೆ ಹಿಡಿಸಿದ್ದೀಯ’. ಇದನ್ನು ಮಾತ್ರ ನೋಡಿಕೊಂಡು ಬಳಸಿ, ಅದು ಪ್ರೀತಿಯ ಮಾತು!

ಟೈಮ್ ಆಯ್ತು ಅಂತ ಚೀಟಿ ಬಂದಿದೆ. ‘ಮಿ ಸೆರ್ವೆ’, ಅಂದರೆ ‘ನನಗೆ ಬೇಕು’, ಅದೂ ಇದೇ ಜಾಡು. ಮನೆಯಲ್ಲಿ ನೋಡಿಕೊಳ್ಳಿ. ಭೂತಕಾಲ ಒಂದನ್ನು ಹೇಳಿಬಿಡುತ್ತೇನೆ. ಹೊರಡುವ ದಿನ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದರು, ಬೊಲೊನ್ಯಾ ಹಿಡಿಸಿತಾ ಅಂತ. ಆ ಭಾಷೆಯಲ್ಲಿ ಊರು ಹೆಣ್ಣು, ಹಾಗಾಗಿ ಕೊನೆಗೆ ‘ತೊ’ ಅಲ್ಲ, ‘ತ’. ನಾನು ತಡವರಿಸಲಿಲ್ಲ. ‘ಮಿ ಎ ಪಿಯಚೂತ’ ಅಂದೆ. ಅಜ್ಜಿ ನನ್ನ ಕೆನ್ನೆ ತಟ್ಟಿದರು.