ಒಂದು ಗಂಟೆ ಕೂಡಿಸಬೇಡಿ ಸ್ವಾಮಿ!

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ, ಅದನ್ನು ಮುಂದಿನ ವಾರಕ್ಕೆ ತಳ್ಳಿದ್ದೇನೆ. ಕಾರಣ ಒಂದು ಕಾಮೆಂಟ್. ಹೋದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: "ಸರ್, ಡೇಲೈಟ್ ಸೇವಿಂಗ್‌ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋದು ಯಾಕೆ? ಮಾರ್ಚ್‌ನಲ್ಲಿ ಒಂದು ಗಂಟೆ ಕೂಡಿಸಿ, ನವೆಂಬರ್‌ನಲ್ಲಿ ಕಳೀರಿ. ಮುಗೀತು." ಅದಕ್ಕೆ ಲೈಕ್ ಬೇರೆ ಬಿದ್ದಿವೆ! ಮುಗಿಯೋದಿಲ್ಲ ಸ್ವಾಮಿ. ಅಲ್ಲಿಂದಲೇ ಶುರುವಾಗೋದು.

ಹೊಸಬರಿಗೆ ಬೇಗ ಹೇಳಿಬಿಡುತ್ತೇನೆ. ಡೇಲೈಟ್ ಸೇವಿಂಗ್ ಅಂದರೆ ಬೇಸಿಗೆಯ ತಿಂಗಳುಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ. ಅಮೆರಿಕದ ಹೆಚ್ಚಿನ ಕಡೆ ಮಾರ್ಚ್‌ನ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರ ಸೀದಾ 3ಕ್ಕೆ ಹಾರುತ್ತದೆ. ನವೆಂಬರ್‌ನ ಮೊದಲ ಭಾನುವಾರ 2ರಿಂದ ವಾಪಸ್ 1ಕ್ಕೆ ಬರುತ್ತದೆ. 2007ರಿಂದ ಇದೇ ನಿಯಮ. ನಮ್ಮ ಗಡಿಯಾರ ಅಲುಗೋದಿಲ್ಲ. ಹಾಗಾಗಿ ನ್ಯೂಯಾರ್ಕ್‌ನ ಬೆಳಿಗ್ಗೆ 9 ಗಂಟೆ ಅಂದರೆ ನಮಗೆ ಚಳಿಗಾಲದಲ್ಲಿ ಸಂಜೆ 7:30, ಬೇಸಿಗೆಯಲ್ಲಿ 6:30. ಬೆಂಗಳೂರಿನಲ್ಲಿ ಅಮೆರಿಕದ ಕ್ಲೈಂಟ್‌ಗೆ ಕೆಲಸ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಕ್ಯಾಬ್ ಟೈಮಿಂಗೇ ಹೇಳುತ್ತದೆ.

ಈಗ ನನ್ನ ಕೈಗೆ ಬಂದ ಒಂದು ಟಿಕೆಟ್, ಅಂದರೆ ಸಾಫ್ಟ್‌ವೇರ್ ಬಗ್ಗೆ ಬಂದ ದೂರು, ಕೇಳಿ. ಗಡಿಯಾರ ಬದಲಾದ ಮಾರನೇ ದಿನ, ಸೋಮವಾರ. ಗೋಡೌನ್‌ನಿಂದ ಲಾರಿ ಹೊರಡೋದು 9ಕ್ಕೆ, ಸ್ಕ್ರೀನ್‌ನಲ್ಲಿ 8 ಅಂತ ಬರುತ್ತಿದೆ. ಡೇಟಾಬೇಸ್ ನೋಡಿದರೆ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) 13:00 ಅಂತ ಇದೆ, ನ್ಯೂಯಾರ್ಕ್ ಕಡೆ ಆಗ ಬೆಳಿಗ್ಗೆ 9, ಸರಿಯಾಗೇ ಇದೆ. ಹಾಗಾದರೆ ತಪ್ಪು ಎಲ್ಲಿ? ಅಲ್ಲಿಯ ಯೂಸರ್ ಪ್ರೊಫೈಲ್‌ನಲ್ಲಿ. ಟೈಮ್ ಝೋನ್ ಪಟ್ಟಿಯಲ್ಲಿ ಮೈನಸ್ 5 (ಯುಟಿಸಿಗಿಂತ 5 ಗಂಟೆ ಹಿಂದೆ) ಅಂತ ಇರೋದು ಒಂದೇ ಅಲ್ಲ. ಬೊಗೊಟಾ, ಲಿಮಾ ಅಂತ ಒಂದು ಇರುತ್ತದೆ, ನ್ಯೂಯಾರ್ಕ್ ಕಡೆಯ ಈಸ್ಟರ್ನ್ ಟೈಮ್ ಅಂತ ಇನ್ನೊಂದು ಇರುತ್ತದೆ, ಬೇಸಿಗೆಯಲ್ಲಿ ಅದು ಮೈನಸ್ 4 ಆಗುತ್ತದೆ. ಯಾರೋ ಮೈನಸ್ 5 ಕಂಡ ತಕ್ಷಣ ಬೊಗೊಟಾ ಒತ್ತಿಬಿಟ್ಟಿದ್ದಾರೆ. ಕೊಲಂಬಿಯಾದಲ್ಲಿ ಡೇಲೈಟ್ ಸೇವಿಂಗೇ ಇಲ್ಲ! ಇಡೀ ಚಳಿಗಾಲ ಸರಿ ತೋರಿಸಿದೆ, ಮಾರ್ಚ್‌ನಲ್ಲಿ ಕೈ ಕೊಟ್ಟಿದೆ. ಪ್ರೊಫೈಲ್ ಬದಲಾಯಿಸಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ನಾವು ನೋಡುವ ಮೊದಲೇ ಒಬ್ಬ ಪುಣ್ಯಾತ್ಮ ಇಡೀ ಟೇಬಲ್‌ಗೆ ಒಂದು ಗಂಟೆ ಕೂಡಿಸಿ ಅಪ್‌ಡೇಟ್ ಓಡಿಸಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ಅಂದರೆ ಇದೇ. ಅವನ ಸ್ಕ್ರೀನ್‌ನಲ್ಲಿ 9 ಬಂತು, ಸರಿ. ಅದೇ ಟೇಬಲ್ ಓದುವ, ಸರಿಯಾದ ಝೋನ್ ಇರುವ ಸಾಗಣೆಯವರ ಸ್ಕ್ರೀನ್‌ನಲ್ಲಿ 10 ಬಂತು. ಜನವರಿಯ ಹಳೇ ದಾಖಲೆಗಳೂ ಒಂದು ಗಂಟೆ ಮುಂದೆ ಹೋದವು. ಯಾವುದು ಅಸಲಿ, ಯಾವುದು ಕೂಡಿಸಿದ್ದು ಅಂತ ಈಗ ಯಾರು ಹೇಳುತ್ತಾರೆ?

ಅದಕ್ಕೇ ಹೇಳೋದು, ಒಂದು ಗಂಟೆ ಕೂಡಿಸಬೇಡಿ. ಡೇಟಾ ಮುಟ್ಟಬೇಡಿ, ಝೋನ್ ಸರಿಮಾಡಿ.

"ಒಂದು ಗಂಟೆ ತಾನೇ" ಅನ್ನುವವರಿಗೆ ಇನ್ನೊಂದು ಹೇಳುತ್ತೇನೆ. ಇನ್‌ವಾಯ್ಸ್ ದಿನಾಂಕ ಏಪ್ರಿಲ್ 1. ತುಂಬಾ ಸಾಫ್ಟ್‌ವೇರ್‌ಗಳು ಬರೀ ದಿನಾಂಕವನ್ನೂ ನಡುರಾತ್ರಿ 12 ಗಂಟೆ ಅಂತ ಸಮಯ ಸೇರಿಸಿಯೇ ಇಡುತ್ತವೆ. ನ್ಯೂಯಾರ್ಕ್‌ನ ಏಪ್ರಿಲ್ 1ರ ನಡುರಾತ್ರಿ ಅಂದರೆ ಯುಟಿಸಿ ಬೆಳಗಿನ ಜಾವ 4 ಗಂಟೆ. ಅದನ್ನು ಮೈನಸ್ 5 ಹಿಡಿದು ತೋರಿಸಿದರೆ ಮಾರ್ಚ್ 31, ರಾತ್ರಿ 11 ಆಗುತ್ತದೆ. ರಿಪೋರ್ಟ್‌ನಲ್ಲಿ ಗಂಟೆ ಕಾಣೋದಿಲ್ಲ, ತಾರೀಖು ಮಾತ್ರ ಕಾಣುತ್ತದೆ. ಏಪ್ರಿಲ್‌ನ ಬಿಲ್ ಹೋಗಿ ಮಾರ್ಚ್‌ನ ಲೆಕ್ಕದಲ್ಲಿ ಕೂತಿತು, ಕ್ವಾರ್ಟರೇ (ಮೂರು ತಿಂಗಳ ಲೆಕ್ಕವೇ) ಬದಲಾಯಿತು. ಈಗ ಹೇಳಿ, ಒಂದು ಗಂಟೆ ತಾನೇ?

ಹಾಗಾದರೆ ಏನು ಮಾಡಬೇಕು ಅಂತೀರಾ? ಜನವರಿಯ ಒಂದು ದಾಖಲೆ ತೆಗೆಯಿರಿ, ಜುಲೈದು ಒಂದು ತೆಗೆಯಿರಿ. ಪಕ್ಕಪಕ್ಕ ಇಟ್ಟು ನೋಡಿ. ಜನವರಿ ಸರಿ ಇದ್ದು ಜುಲೈ ತಪ್ಪಿದ್ದರೆ ಎಲ್ಲೋ ಮೈನಸ್ 5 ಅಂತ ಗಟ್ಟಿಯಾಗಿ ಕೂರಿಸಿಬಿಟ್ಟಿದ್ದಾರೆ, ಇಲ್ಲವೇ ಬೊಗೊಟಾ ಕೇಸು. ಎರಡೂ ತಪ್ಪಿದ್ದರೆ ಝೋನೇ ಬೇರೆ. ವರ್ಷವೆಲ್ಲ ಸರಿ ಇದ್ದು, ಮಾರ್ಚ್‌ನ ಎರಡನೇ ಭಾನುವಾರದಿಂದ ಮೂರು-ನಾಲ್ಕು ವಾರ ಮತ್ತು ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಮಾತ್ರ ತಪ್ಪಿದರೆ ನಿಮ್ಮ ಸಿಸ್ಟಮ್ 2007ಕ್ಕಿಂತ ಹಿಂದಿನ ನಿಯಮದಲ್ಲೇ ನಡೆಯುತ್ತಿದೆ. ಆಗ ಏಪ್ರಿಲ್‌ನ ಮೊದಲ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಇತ್ತು. ಅರಿಜೋನಾದವರು ಮಾತ್ರ ದೂರು ಕೊಡುತ್ತಿದ್ದರೆ ಅವರಿಗೆ ಝೋನ್ ಪಟ್ಟಿಯಲ್ಲಿ ಅವರದೇ ಊರಾದ ಫೀನಿಕ್ಸ್ ಬದಲು ಗಡಿಯಾರ ಬದಲಾಯಿಸುವ ಡೆನ್ವರ್ ಹಾಕಿರುತ್ತೀರಿ. ಅರಿಜೋನಾದ ಬಹುಪಾಲು ಗಡಿಯಾರ ಬದಲಾಯಿಸೋದೇ ಇಲ್ಲ. ಮೆಕ್ಸಿಕೊದವರಾದರೆ ಅಲ್ಲಿ 2022ರಲ್ಲಿ ಹೆಚ್ಚಿನ ಕಡೆ ಇದನ್ನು ಕೈಬಿಟ್ಟರು, ನಿಮ್ಮ ಸರ್ವರ್‌ಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಇನ್ನೊಂದು ಮಾತು, ಪ್ರೋಗ್ರಾಂಗಳನ್ನು ಓಡಿಸುವ ಜಾವಾ ತನ್ನದೇ ಟೈಮ್ ಝೋನ್ ಫೈಲ್ ಇಟ್ಟುಕೊಂಡಿರುತ್ತದೆ. ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಅಪ್‌ಡೇಟ್ ಮಾಡಿ ಕೈ ತೊಳೆದುಕೊಂಡರೆ ಆಗಲಿಲ್ಲ. ಈ ಪಟ್ಟಿ ಪೂರ್ತಿ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ್ದೇನೆ, ಪ್ರಿಂಟ್ ತೆಗೆದು ಡೆಸ್ಕ್ ಮೇಲೆ ಅಂಟಿಸಿ. ಹಾಗೇ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಕನ್ನಡದಲ್ಲಿ ಇದನ್ನೆಲ್ಲ ಹೇಳುವವರು ಕಡಿಮೆ.

ಇಷ್ಟರಲ್ಲಿ ಎಲ್ಲಾದರೂ ಒಂದು ಗಂಟೆ ಕೂಡಿಸಿ ಅಂದೆನಾ? ಇಲ್ಲ ಅಲ್ವಾ?

"ಅಮೆರಿಕದವರೇ ಇದನ್ನು ತೆಗೆದುಹಾಕುತ್ತಾರಂತೆ, ಸುಮ್ನೆ ಇರಿ" ಅಂತ ಇನ್ನೊಬ್ಬರು. 2022ರ ಮಾರ್ಚ್‌ನಲ್ಲಿ ಸೆನೆಟ್, ಅಂದರೆ ಅಲ್ಲಿಯ ಮೇಲ್ಮನೆ, ಗಡಿಯಾರ ಬದಲಿಸೋದನ್ನು ನಿಲ್ಲಿಸುವ ಮಸೂದೆ ಪಾಸ್ ಮಾಡಿತು, ಕೆಳಮನೆಯಲ್ಲಿ ಅದು ಮುಂದಕ್ಕೆ ಹೋಗಲಿಲ್ಲ. ನಾಳೆ ತೆಗೆದರು ಅಂತಲೇ ಇಟ್ಟುಕೊಳ್ಳಿ. ಹತ್ತು ವರ್ಷದ ಹಳೇ ದಾಖಲೆ ತೋರಿಸೋಕೆ ಹಳೇ ನಿಯಮ ಬೇಡವಾ? "ಎಲ್ಲವನ್ನೂ ಭಾರತದ ಟೈಮ್‌ನಲ್ಲೇ ತೋರಿಸಿ" ಅಂತ ಮತ್ತೊಬ್ಬರು. ಒಹಾಯೊದಲ್ಲಿ ಲಾರಿ ತುಂಬಿಸುವವನು ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಕಳೆಯುತ್ತಾ ಕೂರಬೇಕಾ? ಇದಕ್ಕೆ ಉತ್ತರ ಕೊಡೋದೂ ದಂಡ.

ನನಗೆ ಹೊಟ್ಟೆ ಉರಿಯೋದು ಸಂಬಳದ ವಿಷಯದಲ್ಲಿ. ರಾತ್ರಿ 11ರಿಂದ ಬೆಳಿಗ್ಗೆ 7ರ ಶಿಫ್ಟ್. ನವೆಂಬರ್‌ನ ಆ ರಾತ್ರಿ ಗಡಿಯಾರ 1ಕ್ಕೆ ವಾಪಸ್ ಬರೋದರಿಂದ 1ರಿಂದ 2ರವರೆಗಿನ ಒಂದು ಗಂಟೆ ಎರಡು ಸಲ ಬರುತ್ತದೆ. ನರ್ಸ್ ದುಡಿದದ್ದು 9 ಗಂಟೆ, ಗಡಿಯಾರ ನೋಡಿ ಕಳೆದರೆ 8. ಒಂದು ಗಂಟೆ ಕೂಲಿ ಹೋಯಿತು. ಆ ಕಾಮೆಂಟ್‌ನ ಸೂತ್ರದ ಪ್ರಕಾರ ನವೆಂಬರ್‌ನಲ್ಲಿ ಇನ್ನೂ ಒಂದು ಕಳೆಯಬೇಕು, 7! ರಾತ್ರಿಯೆಲ್ಲ ನಿದ್ದೆಗೆಟ್ಟವಳ ಕೂಲಿ ಸ್ವಾಮಿ ಅದು. ಯುಟಿಸಿಯಲ್ಲಿ ಬಂದದ್ದು, ಹೋದದ್ದು ಬರೆದಿಟ್ಟಿದ್ದರೆ 9 ತಾನಾಗಿ ಬರುತ್ತದೆ. ಯಾರೂ ಏನೂ ಕೂಡಿಸಬೇಕಾಗಿಲ್ಲ.

ಕೂಡಿಸಬೇಡಿ. ಮ್ಯಾನೇಜರ್ ಫೋನ್ ಮಾಡಿ ಈಗಲೇ ಸರಿಮಾಡು ಅಂದರೂ ಕೂಡಿಸಬೇಡಿ. "ಟೆಂಪರರಿ ಫಿಕ್ಸ್" ಅಂದರೆ ಇನ್ನೂ ಬೇಡ. ಟೆಂಪರರಿ ಅಂತ ಹಾಕಿದ್ದನ್ನು ತೆಗೆದವರನ್ನು ನಾನಂತೂ ನೋಡಿಲ್ಲ. ಕ್ಲೈಂಟ್ ಕಿರುಚಾಡಿದರೂ ಬೇಡ. ಬೇಡ ಅಂದರೆ ಬೇಡ.

ಕಾಮೆಂಟ್ ಹಾಕಿದ ಸ್ನೇಹಿತರೇ, ನಿಮ್ಮ ಮೇಲೆ ನನಗೆ ಕೋಪ ಇಲ್ಲ, ಆ ಸಲಹೆ ಮೇಲೆ ಇದೆ. ನಾಳೆ ಆಫೀಸಿಗೆ ಹೋಗಿ ನಿಮ್ಮ ರಿಪೋರ್ಟ್‌ಗಳಲ್ಲಿ ಎಲ್ಲೆಲ್ಲಿ ಪ್ಲಸ್ ಒಂದು ಗಂಟೆ ಕೂತಿದೆ ಅಂತ ಹುಡುಕಿ. ಸಿಕ್ಕಿದ್ದನ್ನು ಇದರ ಕೆಳಗೇ ಬರೆಯಿರಿ, ಗುರುವಾರದ ಲೈವ್‌ನಲ್ಲಿ ಒಂದೊಂದಾಗಿ ಕಿತ್ತು ಹಾಕೋಣ.