ಬಂಗಾಳದ ರಾಜಕೀಯ: ಹೆಣ್ಣುಮಕ್ಕಳ ಕಡೆಯ ನಂಟು

ಎಲ್ಲರಿಗೂ ನಮಸ್ಕಾರ.

ಬಂಗಾಳದ ರಾಜಕಾರಣಿಗಳಲ್ಲಿ ಯಾರಿಗೆ ಯಾರು ನೆಂಟರು ಅಂತ ನೋಡುವಾಗ ನಾವು ಸುಮ್ನೆ ಬೋಸ್, ದಾಸ್, ಬ್ಯಾನರ್ಜಿ ಅಂತ ಅಡ್ಡಹೆಸರು ಹುಡುಕುತ್ತೇವೆ, ಅಲ್ವಾ? ಹಾಗೆ ಹುಡುಕಿದರೆ ಎಷ್ಟೋ ನಂಟು ಕೈತಪ್ಪಿ ಹೋಗುತ್ತದೆ. ಅವು ಹೆಣ್ಣುಮಕ್ಕಳ ಕಡೆಯಿಂದ ಬಂದಂಥವು. ನಮ್ಮ ಮಂಗಳೂರಿನ ಕಮಲಾದೇವಿಯವರನ್ನೇ ತಗೊಳ್ಳಿ. ಗಂಡ ಹರೀಂದ್ರನಾಥ ಚಟ್ಟೋಪಾಧ್ಯಾಯ. ಗಂಡನ ಅಕ್ಕ ಸರೋಜಿನಿ ನಾಯ್ಡು. ಹೆಸರಿನಲ್ಲಿ ನಾಯ್ಡು, ತವರು ಬಂಗಾಳಿ. ಸರೋಜಿನಿಯವರ ಮಗಳು ಪದ್ಮಜಾ 1956ರಲ್ಲಿ ಪಶ್ಚಿಮ ಬಂಗಾಳಕ್ಕೇ ರಾಜ್ಯಪಾಲರಾಗಿ ಹೋದರು.

ಇವತ್ತು ಜಾಸ್ತಿ ಹೇಳಬೇಕಾಗಿರುವುದು ದಾಸ್ ಮನೆತನದ ಬಗ್ಗೆ. ಇವರ ಮೂಲ ಢಾಕಾ ಕಡೆಯ ಬಿಕ್ರಂಪುರದ ತೇಲಿರ್‌ಬಾಗ್. ಈ ಮನೆಯ ದುರ್ಗಾಮೋಹನ ದಾಸ್ ಬಾರಿಸಾಲಿನಲ್ಲಿ ವಕೀಲರು, ಸಮಾಜ ಸುಧಾರಣೆಗೆ ನಿಂತಿದ್ದ ಬ್ರಹ್ಮಸಮಾಜದವರು. ಅಪ್ಪ ತೀರಿಕೊಂಡಾಗ ಮಲತಾಯಿ ಇನ್ನೂ ಚಿಕ್ಕ ವಯಸ್ಸಿನವರು. ದುರ್ಗಾಮೋಹನರು ತಾವೇ ಮುಂದೆ ನಿಂತು ಅವರಿಗೆ ಮರುಮದುವೆ ಮಾಡಿಸಿದರು! ಹತ್ತೊಂಬತ್ತನೇ ಶತಮಾನದ ಮಾತಿದು. ಊರು ಸುಮ್ಮನಿರುತ್ತದೆಯೇ? ಅಂಥ ಮನೆಯಲ್ಲಿ ಹೆಣ್ಣುಮಕ್ಕಳು ಓದದೆ ಇರುತ್ತಾರೆಯೇ? ಮಗಳು ಸರಳಾ ಕಲ್ಕತ್ತದಲ್ಲಿ ಗೋಖಲೆ ಹೆಸರಿನ ಶಾಲೆ ಕಟ್ಟಿದರು. ಇನ್ನೊಬ್ಬ ಮಗಳು ಅಬಲಾ ವಿಜ್ಞಾನಿ ಜಗದೀಶಚಂದ್ರ ಬೋಸರ ಹೆಂಡತಿ. ಸರಳಾ ಅವರ ಮೊಮ್ಮಗಳು ರೇಣುಕಾ ರಾಯ್ ಸಂವಿಧಾನ ಸಭೆಯಲ್ಲಿದ್ದರು, ಮುಂದೆ ಪಶ್ಚಿಮ ಬಂಗಾಳದಲ್ಲಿ ನಿರಾಶ್ರಿತರ ಪುನರ್ವಸತಿ ಮಂತ್ರಿಯಾದರು. ರೇಣುಕಾ ಅವರ ತಮ್ಮ ಸುಬ್ರತೋ ಮುಖರ್ಜಿ ನಮ್ಮ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರು. ಇವರಲ್ಲಿ ಯಾರ ಹೆಸರಿನಲ್ಲಿ ದಾಸ್ ಇದೆ ಹೇಳಿ?

ಸ್ವಾತಂತ್ರ್ಯ ಹೋರಾಟದ ನಾಯಕ ದೇಶಬಂಧು ಚಿತ್ತರಂಜನ ದಾಸ್ ಇದೇ ದುರ್ಗಾಮೋಹನರ ತಮ್ಮನ ಮಗ. ಸುಪ್ರೀಂ ಕೋರ್ಟಿನ ಎಸ್. ಆರ್. ದಾಸ್ ಕೂಡ ಇದೇ ಮನೆತನ. 1957ರ ಹೊತ್ತಿಗೆ ದಿಲ್ಲಿಯಲ್ಲಿ ಏನಾಗಿತ್ತು ಕೇಳಿ. ಎಸ್. ಆರ್. ದಾಸ್ ದೇಶದ ಮುಖ್ಯ ನ್ಯಾಯಮೂರ್ತಿ. ಅವರ ಅಳಿಯ ಅಶೋಕ್ ಸೇನ್ ಆ ವರ್ಷ ಚುನಾವಣೆ ಗೆದ್ದು ಕಾನೂನು ಮಂತ್ರಿ. ಆ ಚುನಾವಣೆ ನಡೆಸಿದ ಮುಖ್ಯ ಆಯುಕ್ತ ಸುಕುಮಾರ್ ಸೇನ್, ಅಶೋಕರ ಅಣ್ಣ! ಸುಕುಮಾರ್ ಸೇನ್ ಬಗ್ಗೆ ಇವತ್ತಿಗೂ ಜನ ಗೌರವದಿಂದಲೇ ಮಾತಾಡುತ್ತಾರೆ, ಅದು ಸರಿಯೇ. ಆದರೆ ಈಗ ಹೀಗಾಗಿದ್ದರೆ ಟಿವಿಯವರು ವಾರಗಟ್ಟಲೆ ಬಿಡುತ್ತಿರಲಿಲ್ಲ.

ನಂಟು ಇದ್ದ ಮಾತ್ರಕ್ಕೆ ಮನಸ್ಸು ಒಂದೇ ಅಂತಲ್ಲ. ಮುಖ್ಯಮಂತ್ರಿ ಬಿಧಾನಚಂದ್ರ ರಾಯ್ ಕಾಂಗ್ರೆಸ್ಸಿನವರು. ಅವರ ಸೋದರನ ಮಗಳು ರೇಣು ಚಕ್ರವರ್ತಿ 1952ರಲ್ಲಿ ಬಸೀರ್‌ಹಾಟಿನಿಂದ ಗೆದ್ದ ಕಮ್ಯುನಿಸ್ಟ್. ಎನ್. ಸಿ. ಚಟರ್ಜಿ ಹಿಂದೂ ಮಹಾಸಭಾದ ಅಧ್ಯಕ್ಷರಾಗಿದ್ದವರು, ಮಗ ಸೋಮನಾಥ್ ಮಾರ್ಕ್ಸ್‌ವಾದಿ.

ಮತ್ತೆ ದೇಶಬಂಧುಗಳ ಮನೆಗೆ ಬರೋಣ. ಬ್ರಿಟಿಷರು ಕ್ರಾಂತಿಕಾರಿಗಳ ಮೇಲೆ ಹೂಡಿದ ಅಲಿಪುರ ಬಾಂಬ್ ಮೊಕದ್ದಮೆಯಲ್ಲಿ ಅರವಿಂದರ ಪರ ವಾದಿಸಿ ಬಿಡಿಸಿದ ವಕೀಲರು ಅವರು. 1921ರಲ್ಲಿ ಹೆಂಡತಿ ಬಾಸಂತಿ ದೇವಿ ಕಲ್ಕತ್ತದ ಬೀದಿಯಲ್ಲಿ ಖಾದಿ ಮಾರಿ ಬಂಧನಕ್ಕೊಳಗಾದರು. ಮಗಳು ಅಪರ್ಣಾ ಅವರ ಮಗ ಸಿದ್ಧಾರ್ಥ ಶಂಕರ ರಾಯ್. 1972ರಲ್ಲಿ ಅವರು ಮುಖ್ಯಮಂತ್ರಿಯಾದಾಗ ಅಜ್ಜಿ ಬದುಕಿದ್ದರು. 1974ರಲ್ಲಿ ತೀರಿಕೊಂಡರು. ಮರುವರ್ಷ, ವಿಚಾರಣೆಯಿಲ್ಲದೆ ಸಾವಿರಾರು ಜನರನ್ನು ಜೈಲಿಗೆ ತಳ್ಳಿದ ತುರ್ತುಪರಿಸ್ಥಿತಿಗೆ ಇಂದಿರಾ ಗಾಂಧಿಯವರಿಗೆ ಕಾನೂನಿನ ದಾರಿ ತೋರಿಸಿದವರು ಇದೇ ಮೊಮ್ಮಗ.